ಕನ್ನಡ ರಾಕ್ ಸಂಗೀತ

ಕನ್ನಡ ರಾಕ್ ಸಂಗೀತವು ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್ ಹಾಗೂ ಡ್ರಮ್ಸ್ ವಾದ್ಯಗಳನ್ನು ಆಧರಿಸಿದ ಪಾಶ್ಚಾತ್ಯ ರಾಕ್ ಶೈಲಿಯಲ್ಲಿ ಕನ್ನಡ ಸಾಹಿತ್ಯವನ್ನು ಹಾಡುವ ಸಂಗೀತ ಪ್ರಕಾರವಾಗಿದೆ. ಜಾನಪದ ಗೀತೆಗಳು, ತತ್ವಪದಗಳು ಮತ್ತು ಹೊಸದಾಗಿ ರಚಿಸಿದ ಗೀತೆಗಳು ಇದರಲ್ಲಿ ಬಳಕೆಯಾಗುತ್ತವೆ. ಈ ಪ್ರಕಾರವನ್ನು ಹೊರದೇಶಗಳಿಗೂ ಪರಿಚಯಿಸಿದ ಗಾಯಕ ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಹಾಡಿನ ಮಾತು ಮುಖ್ಯವೋ ವಾದ್ಯಗಳ ಅಬ್ಬರ ಮುಖ್ಯವೋ ಎಂಬ ಪ್ರಶ್ನೆ ಈ ಸಂಗೀತದ ಶ್ರೋತೃಗಳ ನಡುವೆ ಮೊದಲಿನಿಂದಲೂ ಚರ್ಚೆಯಲ್ಲಿದೆ.

ಮೈಸೂರಿನಲ್ಲಿ ಪಾಶ್ಚಾತ್ಯ ಸಂಗೀತ

ಮೈಸೂರಿಗೆ ಪಾಶ್ಚಾತ್ಯ ವಾದ್ಯಗಳು ಬಂದದ್ದು ರಾಕ್ ಸಂಗೀತದೊಂದಿಗೆ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜರ್ಮನಿಯ ಆಟೋ ಸ್ಮಿತ್ ಅದರ ನಿರ್ದೇಶಕರಾಗಿದ್ದರು. ಜಯಚಾಮರಾಜ ಒಡೆಯರು (1919–1974) ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದುದಲ್ಲದೆ ಪಿಯಾನೊ ವಾದನವನ್ನೂ ಅಭ್ಯಾಸ ಮಾಡಿದ್ದರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ನೀಡಿದರು. ಅರಮನೆಯ ವಾದ್ಯವೃಂದದ ಪರಂಪರೆಯನ್ನು ಇಂದಿಗೂ ಪೊಲೀಸ್ ಬ್ಯಾಂಡ್ ದಸರಾ ಉತ್ಸವದಲ್ಲಿ ಮುಂದುವರಿಸಿಕೊಂಡು ಬಂದಿದೆ. ಹೊರಗಿನಿಂದ ಬಂದ ಪಿಟೀಲು ಕರ್ನಾಟಕ ಸಂಗೀತದ ಅವಿಭಾಜ್ಯ ವಾದ್ಯವಾದದ್ದಕ್ಕೆ ಏಳು ತಂತಿಗಳ ಪಿಟೀಲು ನುಡಿಸಿದ ಮೈಸೂರು ಟಿ. ಚೌಡಯ್ಯನವರೇ ಉತ್ತಮ ನಿದರ್ಶನ.

ಗ್ರಂಜ್ ಮತ್ತು 1990ರ ದಶಕ

1980ರ ದಶಕದ ನಡುಭಾಗದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರ ಮತ್ತು ಅದರ ಸುತ್ತಮುತ್ತ ರೂಪುಗೊಂಡ ರಾಕ್ ಪ್ರಕಾರಕ್ಕೆ ಗ್ರಂಜ್ ಎಂದು ಹೆಸರು. ಪಂಕ್ ಸಂಗೀತದ ಒರಟುತನ ಹಾಗೂ ಹೆವಿ ಮೆಟಲ್‌ನ ಭಾರವಾದ ಗಿಟಾರ್ ನಾದ ಇದರಲ್ಲಿ ಸೇರಿಕೊಂಡಿವೆ. ಗಿಟಾರ್‌ನ ನಾದವನ್ನು ಉದ್ದೇಶಪೂರ್ವಕವಾಗಿ ಒಡಕಾಗಿಸುವುದು, ಮೆಲುದನಿಯ ಚರಣದಿಂದ ಏಕಾಏಕಿ ಅಬ್ಬರದ ಪಲ್ಲವಿಗೆ ಜಿಗಿಯುವುದು, ಒಂಟಿತನ ಮತ್ತು ನಿರಾಶೆಯನ್ನು ವಸ್ತುವಾಗಿ ಆರಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣಗಳು. ನಿರ್ವಾಣ, ಪರ್ಲ್ ಜಾಮ್, ಸೌಂಡ್‌ಗಾರ್ಡನ್ ಮತ್ತು ಆಲಿಸ್ ಇನ್ ಚೈನ್ಸ್ ಇದರ ಪ್ರಮುಖ ತಂಡಗಳು. 1991ರಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಮತ್ತು ಪರ್ಲ್ ಜಾಮ್ ತಂಡದ 'ಟೆನ್' ಆಲ್ಬಮ್‌ಗಳು ಹೊರಬಂದ ಮೇಲೆ ಈ ಪ್ರಕಾರ ಜಗತ್ತಿನಾದ್ಯಂತ ಜನಪ್ರಿಯವಾಯಿತು.

ಅದೇ ವರ್ಷ ಉಪಗ್ರಹ ವಾಹಿನಿಗಳು ಭಾರತವನ್ನು ತಲುಪಿದವು. ಎಂಟಿವಿ ಏಷ್ಯಾ ಸ್ಟಾರ್ ಜಾಲದ ಮೂಲಕ ಕೇಬಲ್ ಸಂಪರ್ಕವಿದ್ದ ಮನೆಗಳಿಗೆ ಬಂದಿತು. ಅದುವರೆಗೆ ಕ್ಯಾಸೆಟ್‌ಗಳನ್ನು ಹುಡುಕಿ, ಒಬ್ಬರಿಂದೊಬ್ಬರು ಎರವಲು ಪಡೆದು, ಪ್ರತಿ ಮಾಡಿಕೊಂಡು ರಾಕ್ ಕೇಳುತ್ತಿದ್ದವರಿಗೆ ಹಾಡಿನ ಜೊತೆಗೆ ಹಾಡುವವರ ಉಡುಪು, ನಿಲುವು, ಗಿಟಾರ್ ಹಿಡಿಯುವ ಬಗೆಯೂ ಕಾಣತೊಡಗಿದವು. ಗ್ರಂಜ್ ಗೀತೆಗಳಲ್ಲಿ ಅನೇಕವು ಮೂರು ನಾಲ್ಕು ಸರಳ ಸ್ವರಗುಚ್ಛಗಳ (ಕಾರ್ಡ್) ಮೇಲೆ ನಿಂತಿರುವುದರಿಂದ ಹೊಸದಾಗಿ ಗಿಟಾರ್ ಕಲಿಯುವವರಿಗೂ ಅವು ಕೈಗೆಟುಕುತ್ತವೆ. ದೊಡ್ಡ ಪಾಂಡಿತ್ಯವಿಲ್ಲದೆಯೂ ತಮ್ಮ ಮನಸ್ಸಿನ ಮಾತನ್ನು ಹಾಡಬಹುದೆಂಬ ಧೈರ್ಯ ಈ ಪ್ರಕಾರ ನೀಡಿದ ಮುಖ್ಯ ಕೊಡುಗೆ.

ಗ್ರಂಜ್ ಅಭಿಮಾನಿಗಳಲ್ಲಿಯೂ ಒಮ್ಮತವಿಲ್ಲ. ಸಿಯಾಟಲ್‌ನ ಸಬ್ ಪಾಪ್‌ನಂತಹ ಚಿಕ್ಕ ಸಂಸ್ಥೆಗಳು ಬೆಳೆಸಿದ ಸಂಗೀತವನ್ನು ದೊಡ್ಡ ಕಂಪನಿಗಳು ಮಾರಾಟದ ಸರಕಾಗಿಸಿದವು ಎಂಬುದು ಒಂದು ಅಭಿಪ್ರಾಯ. ಆ ಕಂಪನಿಗಳಿಲ್ಲದಿದ್ದರೆ ದೂರದ ಊರುಗಳ ಶ್ರೋತೃಗಳಿಗೆ ಆ ಹಾಡುಗಳು ತಲುಪುತ್ತಲೇ ಇರಲಿಲ್ಲ ಎಂಬುದು ಮತ್ತೊಂದು. ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್ 1994ರ ಏಪ್ರಿಲ್‌ನಲ್ಲಿ ತಮ್ಮ 27ನೆಯ ವಯಸ್ಸಿನಲ್ಲಿ ನಿಧನರಾದರು. ಅನೇಕರು ಗ್ರಂಜ್ ಯುಗ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ.

ಅಂತರಾಗ್ನಿ ಮತ್ತು ರಘು ದೀಕ್ಷಿತ್

1974ರಲ್ಲಿ ನಾಸಿಕದಲ್ಲಿ ಜನಿಸಿದ ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದು, ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಭರತನಾಟ್ಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ್ದ ಅವರು ಗಿಟಾರ್ ಹಿಡಿದದ್ದು ಸಹಪಾಠಿಯೊಬ್ಬರು ಒಡ್ಡಿದ ಸವಾಲಿನಿಂದ. 'ಅಂತರಾಗ್ನಿ' ಎಂಬ ತಂಡದ ಮೂಲಕ ಹಾಡಲು ಆರಂಭಿಸಿದ ಅವರು ನಂತರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತಂಡವನ್ನು ಕಟ್ಟಿದರು. ಈ ತಂಡದ ಮೊದಲ ಆಲ್ಬಮ್ 2008ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಗೀತೆಗಳಿವೆ. ಕನ್ನಡದವು ಸಂತ ಶಿಶುನಾಳ ಶರೀಫರ (1819–1889) ತತ್ವಪದಗಳು.

ಅದೇ ವರ್ಷ ತೆರೆಕಂಡ 'ಸೈಕೋ' ಚಲನಚಿತ್ರಕ್ಕೆ ರಘು ದೀಕ್ಷಿತ್ ಸಂಗೀತ ನೀಡಿದರು. ಅದರಲ್ಲಿನ ಮಾದೇಶ್ವರನ ಗೀತೆ ಬಹಳ ಜನಪ್ರಿಯವಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಭಕ್ತಿಪರಂಪರೆಯ ದೈವ ಈ ಗೀತೆಯ ಮೂಲಕ ಡ್ರಮ್ಸ್ ಮತ್ತು ಗಿಟಾರ್‌ಗಳ ನಡುವೆ ಹೊಸ ತಲೆಮಾರಿನ ಕಿವಿಗೆ ಬಿದ್ದಿತು. 2010ರಲ್ಲಿ ತಂಡವು ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯು ಹೊಸ ಕಲಾವಿದರಿಗೆ ನೀಡುವ ಪ್ರಶಸ್ತಿ ದೊರೆಯಿತು.

ಸ್ವರಾತ್ಮ

ರಘು ದೀಕ್ಷಿತರ ಸಹೋದರ ವಾಸು ದೀಕ್ಷಿತ್ ಪ್ರಧಾನ ಗಾಯಕರಾಗಿರುವ 'ಸ್ವರಾತ್ಮ' ಬೆಂಗಳೂರಿನ ತಂಡ. ಪಿಟೀಲು ಮತ್ತು ಗಿಟಾರ್‌ಗಳನ್ನು ಒಟ್ಟಿಗೆ ಬಳಸುವ ಈ ತಂಡದ ಮೊದಲ ಆಲ್ಬಮ್ 2009ರಲ್ಲಿ, ಎರಡನೆಯದು 2012ರಲ್ಲಿ ಬಿಡುಗಡೆಯಾದವು. ಹಿಂದಿ ಗೀತೆಗಳ ಜೊತೆಗೆ ಕನ್ನಡದಲ್ಲಿಯೂ ಹಾಡುವ ಈ ತಂಡ ಬಣ್ಣಬಣ್ಣದ ಉಡುಪು, ಕೀಲುಕುದುರೆಯನ್ನು ಹೋಲುವ ವೇಷ ಮೊದಲಾದ ಜಾನಪದ ಅಂಶಗಳನ್ನು ವೇದಿಕೆಗೆ ತಂದಿದೆ.

ಶ್ರೋತೃಗಳ ಅಭಿಪ್ರಾಯಗಳು

ಕನ್ನಡ ರಾಕ್ ಸಂಗೀತದ ಕುರಿತು ಶ್ರೋತೃಗಳ ಅಭಿಪ್ರಾಯಗಳನ್ನು ಮುಖ್ಯವಾಗಿ ಮೂರು ವಿಧವಾಗಿ ಗುರುತಿಸಬಹುದು.

ಮೊದಲನೆಯದು ಆಕ್ಷೇಪಣೆ. ತತ್ವಪದವು ಏಕತಾರಿ ಮತ್ತು ದಮ್ಮಡಿಯ ಜೊತೆಯಲ್ಲಿ, ಒಂದೊಂದು ಮಾತಿಗೂ ಬಿಡುವು ಕೊಟ್ಟು ಹಾಡುವ ರಚನೆ. ಸೋರುವ ಮಾಳಿಗೆ, ಗುಡುಗುಡಿ ಮುಂತಾದ ನಿತ್ಯಜೀವನದ ವಸ್ತುಗಳನ್ನು ಶರೀಫರು ದೇಹ, ಮನಸ್ಸು ಮತ್ತು ಗುರುವಿನ ಅರಿವಿಗೆ ಸಂಕೇತವಾಗಿಸಿದರು. ಕೇಳುವವನು ಒಂದು ಕ್ಷಣ ನಿಂತು ಯೋಚಿಸದಿದ್ದರೆ ಆ ಒಳಾರ್ಥ ತಪ್ಪಿಹೋಗುತ್ತದೆ. ಕುಣಿಯಲು ಹಚ್ಚುವ ಲಯ ಆ ಬಿಡುವನ್ನು ಕಸಿದುಕೊಳ್ಳುತ್ತದೆ ಎಂಬುದು ಈ ಪಕ್ಷದ ವಾದ.

ಎರಡನೆಯದು ಸಮರ್ಥನೆ. ಶರೀಫರ ಪದಗಳು ಹಿಂದೆಯೂ ಒಂದೇ ಧಾಟಿಯಲ್ಲಿ ನಿಂತಿರಲಿಲ್ಲ. ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' (1990) ಚಲನಚಿತ್ರಕ್ಕೆ ಸಿ. ಅಶ್ವಥ್ ಸಂಗೀತ ನೀಡಿದಾಗ ಅವೇ ಪದಗಳು ಸುಗಮ ಸಂಗೀತದ ರೂಪದಲ್ಲಿ ನಾಡಿನಾದ್ಯಂತ ಮನೆಮಾತಾದವು. ಇಂಗ್ಲಿಷ್ ಹಾಡುಗಳನ್ನಷ್ಟೇ ಕೇಳುತ್ತಿದ್ದ ಯುವಕರು ಗಿಟಾರ್‌ನ ನೆಪದಲ್ಲಾದರೂ ಶರೀಫರ ಹೆಸರು ಕೇಳಿ, ಮೂಲ ಪದಗಳನ್ನು ಹುಡುಕಿಕೊಂಡು ಹೋಗುವುದು ಲಾಭವೇ ಎಂಬುದು ಇವರ ನಿಲುವು.

ಮೂರನೆಯ ಅಭಿಪ್ರಾಯ ಹೆಸರಿಗೆ ಸಂಬಂಧಿಸಿದ್ದು. ಈ ತಂಡಗಳು ಹಲವು ಭಾಷೆಗಳಲ್ಲಿ ಹಾಡುವುದರಿಂದಲೂ ಅವುಗಳ ಸತ್ವ ಜಾನಪದದಲ್ಲಿರುವುದರಿಂದಲೂ 'ಜಾನಪದ ರಾಕ್' ಅಥವಾ 'ಫ್ಯೂಷನ್' ಎನ್ನುವುದೇ ಸರಿ ಎಂದು ಕೆಲವರು ಹೇಳುತ್ತಾರೆ. ಗ್ರಂಜ್ ಕೇಳಿ ಬೆಳೆದ ಶ್ರೋತೃಗಳಲ್ಲಿ ಇನ್ನೂ ಒಂದು ನಿರೀಕ್ಷೆಯಿದೆ. ಸಿಯಾಟಲ್‌ನ ಗಾಯಕರು ತಮ್ಮ ಊರಿನ, ತಮ್ಮ ವಯಸ್ಸಿನ ಸಂಕಟಗಳನ್ನು ತಾವೇ ಬರೆದು ಹಾಡಿದರು. ಹಳೆಯ ಪದಗಳಿಗೆ ಹೊಸ ವಾದ್ಯ ಹೊಂದಿಸುವುದರ ಜೊತೆಗೆ ಇಂದಿನ ಬದುಕಿನ ಕುರಿತು ಕನ್ನಡದಲ್ಲಿಯೇ ಹೊಸ ಸಾಹಿತ್ಯ ಹುಟ್ಟಿದಾಗಲೇ ಕನ್ನಡ ರಾಕ್ ಸ್ವತಂತ್ರ ಪ್ರಕಾರವಾಗಿ ನಿಲ್ಲುತ್ತದೆ ಎಂಬುದು ಆ ನಿರೀಕ್ಷೆ.

ಇವನ್ನೂ ನೋಡಿ

ಶಿಶುನಾಳ ಶರೀಫ
ತತ್ವಪದ
ಕಂಸಾಳೆ
ಸುಗಮ ಸಂಗೀತ
ರಘು ದೀಕ್ಷಿತ್
ಜಯಚಾಮರಾಜ ಒಡೆಯರ್