ಕಾಟ್ಟುಪಳ್ಳಿಯಲ್ಲಿ ಹುಟ್ಟಿ ಅಂಡಮಾನಿಗೆ ಹೋದ ಡಾಕ್

ಹೊಗೇನಕಲ್‌ಗೆ ಹೋದವರು ದಡದ ಬಂಡೆಗಳ ಮೇಲೆ ಕವುಚಿಹಾಕಿದ ಹರಿಗೋಲುಗಳನ್ನು ನೋಡಿರುತ್ತಾರೆ. ಬಿದಿರಿನ ಹೆಣಿಗೆ, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಡಾಂಬರು. ಡಾಂಬರು ಬಿರುಕು ಬಿಟ್ಟರೆ ನೀರು ಒಳಗೆ ಜಿನುಗುತ್ತದೆ. ಆಗಾಗ ದಡಕ್ಕೆ ತಂದು ಒಣಗಿಸಿ, ತಳಕ್ಕೆ ಮತ್ತೆ ಬಳಿಯಲೇಬೇಕು. ಒಬ್ಬ ಆಳು ತಲೆಯ ಮೇಲೆ ಹೊತ್ತು ನಡೆಯುವ ಹರಿಗೋಲಿಗೆ ಇದು ಸುಲಭ. 163 ಮೀಟರ್ ಉದ್ದದ, ಸುಮಾರು 7,500 ಟನ್ ತೂಗುವ ಕೋಲ್ಕತ್ತಾ ವರ್ಗದ ಯುದ್ಧನೌಕೆಯ ತಳಕ್ಕೆ ಬಣ್ಣ ಬಳಿಯುವುದು ಹೇಗೆ?

ಹಡಗನ್ನು ದಡಕ್ಕೆ ಹೊರಲಾಗದಿದ್ದರೆ, ದಡವನ್ನೇ ಹಡಗಿನ ಅಡಿಗೆ ತೂರಿಸುವುದು ಒಂದು ದಾರಿ. ತೇಲುವ ಡಾಕ್ ಮಾಡುವ ಕೆಲಸ ಅದೇ. ನಮ್ಮ ನೌಕಾಪಡೆಯ ಇಂಥ ಎರಡನೆಯ ಡಾಕ್, ಅಂಡಮಾನಿಗೆಂದು ಕಟ್ಟಿದ ಎಫ್‌ಡಿಎನ್-2, ತಯಾರಾದದ್ದು ನಮ್ಮದೇ ತಮಿಳುನಾಡಿನಲ್ಲಿ. ಹೊಸೂರಿನಿಂದ ಹೆದ್ದಾರಿ ಹಿಡಿದು ಕೃಷ್ಣಗಿರಿ, ವೆಲ್ಲೂರು ದಾಟಿ ಚೆನ್ನೈ ಸೇರಿ, ಅಲ್ಲಿಂದ ಉತ್ತರಕ್ಕೆ ಎನ್ನೂರಿನ ಆಚೆ ಹೋದರೆ ಸಿಗುವ ಕಾಟ್ಟುಪಳ್ಳಿಯ ಎಲ್ ಆಂಡ್ ಟಿ ಹಡಗುಕಟ್ಟೆಯಲ್ಲಿ. 2015ರಲ್ಲಿ ಒಪ್ಪಂದವಾಗಿ, 2017ರ ಜೂನ್ 20ರಂದು ಅದನ್ನು ನೀರಿಗಿಳಿಸಿದರು. ಹೊಸ ಯುದ್ಧನೌಕೆಯೊಂದು ನೀರಿಗಿಳಿದಾಗ ಪತ್ರಿಕೆಗಳಲ್ಲಿ ದೊಡ್ಡ ಚಿತ್ರ ಬರುತ್ತದೆ. ಅದನ್ನು ವರ್ಷಗಟ್ಟಲೆ ಕೆಲಸಕ್ಕೆ ಯೋಗ್ಯವಾಗಿ ಇಡುವ ಡಾಕ್‌ನ ಹೆಸರು ಹೇಳುವವರು ಕಡಿಮೆ. ಇದು ನನಗೆ ನ್ಯಾಯವೆನಿಸುವುದಿಲ್ಲ.

ನೋಡಲು ಅದು ಎರಡೂ ಕೊನೆ ತೆರೆದಿರುವ ಉಕ್ಕಿನ ತೊಟ್ಟಿ. 185 ಮೀಟರ್ ಉದ್ದ, 40 ಮೀಟರ್ ಅಗಲ, ಎರಡು ಪಕ್ಕದಲ್ಲಿ ಎತ್ತರದ ಗೋಡೆ. ತಳ ಟೊಳ್ಳು, ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ಟ್ಯಾಂಕುಗಳು. ವಾಲ್ವ್ ತೆರೆದು ಅವುಗಳಿಗೆ ಸಮುದ್ರದ ನೀರು ಬಿಟ್ಟರೆ ಡಾಕ್ ನಿಧಾನವಾಗಿ ಮುಳುಗುತ್ತದೆ. ನೀರಿನ ಮೇಲೆ ಕಾಣುವುದು ಪಕ್ಕದ ಗೋಡೆಗಳ ಮೇಲ್ಭಾಗ ಮಾತ್ರ. ಆ ಎರಡು ಗೋಡೆಗಳ ನಡುವೆ ಹಡಗನ್ನು ಹಗ್ಗ ಕಟ್ಟಿ ಎಳೆದು ತಂದು ನಿಲ್ಲಿಸುತ್ತಾರೆ. ಆಮೇಲೆ ಪಂಪುಗಳು ನೀರನ್ನು ಹೊರಹಾಕಲು ಶುರುಮಾಡುತ್ತವೆ. ಡಾಕ್ ಏಳುತ್ತದೆ, ಅದರ ಜೊತೆಗೆ ಹಡಗೂ ಏಳುತ್ತದೆ.

ಲೆಕ್ಕ ಹಾಕಿ ನೋಡಿ. 185ನ್ನು 40ರಿಂದ ಗುಣಿಸಿದರೆ 7,400 ಚದರ ಮೀಟರ್. ಇದು ಎತ್ತಬಲ್ಲ ಭಾರ 8,000 ಟನ್. ಅಷ್ಟು ಭಾರದ ಹಡಗನ್ನು ಹೊತ್ತು ನಿಂತಾಗ ಡಾಕ್ ಬರಿದಾಗಿದ್ದಾಗಿನದಕ್ಕಿಂತ ನೀರಿನಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಆಳಕ್ಕೆ ಇಳಿದಿರುತ್ತದೆ, ಅಷ್ಟೇ. ಆರ್ಕಿಮಿಡಿಸನ ಸೂತ್ರವನ್ನು ಇಷ್ಟು ದೊಡ್ಡದಾಗಿ ಕಣ್ಣೆದುರು ತೋರಿಸುವ ಯಂತ್ರ ಇನ್ನೊಂದು ನನಗೆ ಗೊತ್ತಿಲ್ಲ. ನಮ್ಮ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ವೆಲ್ಡಿಂಗ್, ವಾಲ್ವು, ಪಂಪುಗಳ ಜೊತೆ ದಿನ ಕಳೆಯುವವರಿಗೆ ಇದರ ಒಂದೊಂದು ಭಾಗವೂ ಪರಿಚಯದ್ದೇ. ಬೇರೆಯದು ಅಳತೆ ಮಾತ್ರ.

ಕಷ್ಟ ಇರುವುದು ಹಡಗಿನ ತಳದ ಅಡಿಗಂಬ ಡಾಕ್‌ನ ಬ್ಲಾಕುಗಳನ್ನು ಮುಟ್ಟುವ ಹೊತ್ತಿನಲ್ಲಿ. ಡಾಕ್‌ನ ನೆಲದ ಮೇಲೆ ಸಾಲಾಗಿ ಈ ಬ್ಲಾಕುಗಳನ್ನು ಮೊದಲೇ ಜೋಡಿಸಿರುತ್ತಾರೆ. ಯಾವ ಹಡಗಿಗೆ ಯಾವ ಜಾಗದಲ್ಲಿ ಎಷ್ಟು ಎತ್ತರದ ಬ್ಲಾಕ್ ಎಂಬುದಕ್ಕೆ ಆ ಹಡಗಿನದೇ ನಕ್ಷೆ ಇರುತ್ತದೆ. ಹಡಗು ಅವುಗಳ ಮೇಲೆ ಸರಿಯಾಗಿ ಕೂರುತ್ತಿದೆಯೇ ಎಂದು ಮುಳುಗುಗಾರರು ಕೆಳಗಿಳಿದು ನೋಡುತ್ತಾರೆ. ಅರ್ಧ ತೇಲುತ್ತ ಅರ್ಧ ಕೂತಿರುವ ಹಡಗು ಸುಲಭವಾಗಿ ವಾಲುತ್ತದೆ. ಭಾರ ಹೆಚ್ಚಿರುವ ಕಡೆಯ ಟ್ಯಾಂಕಿನಿಂದ ಹೆಚ್ಚು ನೀರು ತೆಗೆಯಬೇಕು, ಹಗುರವಿರುವ ಕಡೆ ಕಡಿಮೆ. ಇದು ತಪ್ಪಿದರೆ ಡಾಕ್‌ನ ಬೆನ್ನೇ ಮುರಿಯುತ್ತದೆ.

ಹಾಗೆ ಮುರಿದದ್ದೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಮುಂಬಯಿಯಲ್ಲಿ ಭಾರಿ ತೇಲುವ ಡಾಕ್ ಒಂದನ್ನು ಕಟ್ಟಿಸಿ ಸಿಂಹಳದ ಟ್ರಿಂಕೋಮಲಿಗೆ ಒಯ್ದರು. ಎಎಫ್‌ಡಿ 23 ಎಂದು ಅದರ ಹೆಸರು. 1944ರ ಆಗಸ್ಟ್ 8ರಂದು 'ವೇಲಿಯಂಟ್' ಎಂಬ ಯುದ್ಧನೌಕೆಯನ್ನು ಎತ್ತುವಾಗ ಟ್ಯಾಂಕುಗಳ ನೀರಿನ ಹಂಚಿಕೆ ಹಡಗಿನ ಭಾರಕ್ಕೆ ಹೊಂದಲಿಲ್ಲ. ಡಾಕ್ ಮುರಿದು ಮುಳುಗಿತು. ಹಡಗು ಉಳಿಯಿತಾದರೂ ಅದರ ಹಿಂಭಾಗದ ಪ್ರೊಪೆಲ್ಲರು, ಚುಕ್ಕಾಣಿಗಳಿಗೆ ಪೆಟ್ಟಾಯಿತು. ಶತ್ರುವಿನ ಒಂದು ಗುಂಡೂ ಬೀಳದೆ ಆದ ನಷ್ಟ. ಎಫ್‌ಡಿಎನ್-2ರಲ್ಲಿ ಟ್ಯಾಂಕುಗಳ ನೀರನ್ನೂ ಸಮತೋಲವನ್ನೂ ನಿಖರವಾಗಿ ಕಾಯುವ ನಿಯಂತ್ರಣ ವ್ಯವಸ್ಥೆಗೆ ಅಷ್ಟೊಂದು ಒತ್ತು ಕೊಟ್ಟಿರುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಪಾಡು ಪಟ್ಟು ಅಂಡಮಾನಿನಲ್ಲಿ ಡಾಕ್ ಇಡಬೇಕೇ? ಇಡಲೇಬೇಕು. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೂ ವಿಶಾಖಪಟ್ಟಣಕ್ಕೂ 1,200 ಕಿಲೋಮೀಟರಿಗಿಂತ ಹೆಚ್ಚು. ಬೆಚ್ಚನೆಯ ನೀರಿನಲ್ಲಿ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ ಬೇಗ ಅಂಟುತ್ತವೆ. ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಅದನ್ನು ಕೆರೆಯಬೇಕು, ತುಕ್ಕು ತಡೆಯಲು ಕೂರಿಸಿದ ಸತುವಿನ ತುಂಡುಗಳು ಸವೆದಿದ್ದರೆ ಬದಲಿಸಬೇಕು, ಪ್ರೊಪೆಲ್ಲರಿನ ಸೀಲು ನೋಡಬೇಕು. ಇಷ್ಟಕ್ಕೇ ಕಾವಲು ಹಡಗೊಂದು ಮುಖ್ಯ ಭೂಮಿಗೆ ಹೋಗಿಬರಲು ಹೊರಟರೆ, ಕಾಯಬೇಕಾದ ಕಡಲು ಅಷ್ಟು ದಿನ ಖಾಲಿ. ಈ ಕಾರಣಕ್ಕೇ 1987ರಲ್ಲಿ ಜಪಾನಿನಲ್ಲಿ ಕಟ್ಟಿಸಿದ ಎಫ್‌ಡಿಎನ್-1 ಅಲ್ಲಿಗೆ ಬಂತು. ಅದರ ಸಾಮರ್ಥ್ಯ 11,500 ಟನ್. 2001ರಲ್ಲಿ ಮೂರೂ ಪಡೆಗಳ ಜಂಟಿ ಅಂಡಮಾನ್ ಕಮಾಂಡ್ ಆರಂಭವಾದ ಮೇಲೆ ಕೆಲಸ ಇನ್ನಷ್ಟು ಹೆಚ್ಚಿತು. ಹಳೆಯ ಡಾಕ್‌ಗೆ 30 ವರ್ಷ ತುಂಬಿದ ಹೊತ್ತಿಗೆ ಕಾಟ್ಟುಪಳ್ಳಿಯ ಹೊಸದು ಸಿದ್ಧವಾಯಿತು.

ನೆಲದ ಡಾಕ್ ಏಕಲ್ಲ ಎಂಬ ಪ್ರಶ್ನೆಗೆ 2004ರ ಡಿಸೆಂಬರ್ 26 ಒಂದು ಉತ್ತರ. ಅಂದಿನ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಕಟ್ಟೆಗಳು ಬಿರಿದವು. ತೇಲುವ ಡಾಕ್‌ಗೆ ಸುನಾಮಿಯ ಅಪಾಯ ಇಲ್ಲವೆಂದಲ್ಲ. ಆದರೆ ನೆಲ ಕುಸಿದರೂ ನೀರಿನ ಮಟ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಬೇಕೆಂದರೆ ಟಗ್ ಕಟ್ಟಿ ಬೇರೆಡೆಗೆ ಎಳೆದೊಯ್ಯಬಹುದು.

ಕರ್ನಾಟಕದ ಕಾರವಾರದಲ್ಲಿ ನೌಕಾಪಡೆ ಬೇರೆ ದಾರಿ ಹಿಡಿಯಿತು. 2005ರಲ್ಲಿ ಆರಂಭವಾದ ಐಎನ್‌ಎಸ್ ಕದಂಬ ನೆಲೆಯಲ್ಲಿ 10,000 ಟನ್ ಎತ್ತುವ ಲಿಫ್ಟ್ ಇದೆ. ವಿಂಚುಗಳು ವೇದಿಕೆಯನ್ನು ಹಡಗಿನ ಸಮೇತ ಮೇಲಕ್ಕೆಳೆಯುತ್ತವೆ, ಹಡಗು ಅಲ್ಲಿಂದ ಹಳಿಗಳ ಮೇಲೆ ದಡದ ಅಂಕಣಕ್ಕೆ ಸಾಗುತ್ತದೆ, ಲಿಫ್ಟ್ ಮುಂದಿನ ಹಡಗಿಗೆ ಖಾಲಿಯಾಗುತ್ತದೆ. ತೇಲುವ ಡಾಕ್ ಒಂದು ಹಡಗನ್ನು ಹೊತ್ತರೆ ಅದರ ಕೆಲಸ ಮುಗಿಯುವವರೆಗೂ ಹೊತ್ತೇ ನಿಲ್ಲಬೇಕು. ಸ್ಥಳವಿರುವ ಕಡೆ ಕಾರವಾರದ್ದೇ ಮೇಲು.

ಡಾಕ್‌ನ ತಳಕ್ಕೂ ಚಿಪ್ಪು ಅಂಟುತ್ತದಲ್ಲ, ಅದನ್ನು ಕೆರೆಯುವವರು ಯಾರು? 1869ರಲ್ಲಿ ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿಸಿ ಬರ್ಮುಡಾಕ್ಕೆ ಎಳೆದೊಯ್ದ ಕಬ್ಬಿಣದ ಡಾಕ್‌ನಲ್ಲಿ ಒಂದು ಪಕ್ಕದ ಟ್ಯಾಂಕುಗಳನ್ನಷ್ಟೇ ತುಂಬಿಸಿ, ಇನ್ನೊಂದು ಪಕ್ಕ ನೀರಿನಿಂದ ಮೇಲೇಳುವಂತೆ ವಾಲಿಸಿ, ತಳ ಉಜ್ಜುವ ಏರ್ಪಾಡಿತ್ತು. ಮುಂದೆ ಬಂದ ಕೆಲವು ಡಾಕ್‌ಗಳನ್ನು ತುಂಡುಗಳಲ್ಲಿ ಕಟ್ಟಿದರು. ಒಂದು ತುಂಡನ್ನು ಬಿಚ್ಚಿ, ಉಳಿದವುಗಳ ಮೇಲೆ ಹತ್ತಿಸಿ ದುರಸ್ತಿ ಮಾಡುತ್ತಿದ್ದರು. ಇಡಿಯಾಗಿ ಕಟ್ಟಿದ ಡಾಕ್‌ಗೆ ಮುಳುಗುಗಾರರು ಬರಬೇಕು, ಇಲ್ಲವೇ ಅದನ್ನೂ ಎತ್ತಬಲ್ಲ ಇನ್ನೂ ದೊಡ್ಡ ಡಾಕ್‌ಗೆ ಎಳೆದೊಯ್ಯಬೇಕು.