ಮಸಿಯ ನೀಲಿಯಿಂದ ವಿದ್ಯುತ್ತು

ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ವಾಚಕರು ಕಾಣುವ ನೀಲಿಗೆ ತಾಮ್ರದ ಥ್ಯಾಲೊಸಯನೀನ್ ಎಂಬ ವರ್ಣದ್ರವ್ಯವೇ ಕಾರಣ. ಇದೇ ನೀಲಿಯ ಅತಿ ತೆಳುವಾದ ಲೇಪನವನ್ನು ಬಳಸಿ, ಅಮೆರಿಕದ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಎಂಬವರು ಬಿಸಿಲಿನ ನೂರರಲ್ಲಿ ಸುಮಾರು ಒಂದು ಪಾಲನ್ನು ವಿದ್ಯುತ್ತಾಗಿ ಪರಿವರ್ತಿಸಿದ ವೃತ್ತಾಂತ 1986ರಲ್ಲಿ ಪ್ರಕಟವಾಯಿತು.

ಬೆಳಕು ಬಿದ್ದೊಡನೆ ಅಣುವಿನೊಳಗಿನ ಎಲೆಕ್ಟ್ರಾನೊಂದು ಮೇಲಿನ ಮಟ್ಟಕ್ಕೆ ನೆಗೆಯುತ್ತದೆ. ಸಿಲಿಕಾನಿನಲ್ಲಾದರೆ ಅದು ಸುಲಭವಾಗಿ ಸ್ವತಂತ್ರವಾಗುವುದು. ಇಲ್ಲಿ ಹಾಗಲ್ಲ, ತಾನು ಬಿಟ್ಟುಬಂದ ತೆರವಿನ ಸೆಳೆತಕ್ಕೆ ಸಿಕ್ಕಿ ಅದರ ಜೊತೆಯಲ್ಲೇ ಅಲೆಯುವುದು. (ಊರು ಬಿಟ್ಟುಬಂದ ನಮ್ಮವರಿಗೆ ಈ ಸೆಳೆತವನ್ನು ವಿವರಿಸಬೇಕಾಗಿಲ್ಲ.) ಈ ಜೋಡಿಯ ನಡಿಗೆಯಾದರೋ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೇ. ಅಷ್ಟರಲ್ಲಿ ಬೇರ್ಪಡದಿದ್ದರೆ ಎರಡೂ ಮತ್ತೆ ಕೂಡಿ, ಗಳಿಸಿದ ಶಕ್ತಿಯೆಲ್ಲ ವ್ಯರ್ಥ. ಟಾಂಗರು ನೀಲಿಗೆ ಒತ್ತಾಗಿ, ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಪೆರಿಲೀನ್ ಜಾತಿಯ ವರ್ಣದ್ರವ್ಯವನ್ನು ಲೇಪಿಸಿದರು. ಎರಡರ ಗಡಿಯಲ್ಲಿ ಜೋಡಿ ಒಡೆಯಿತು. ತಂತಿಯಲ್ಲಿ ವಿದ್ಯುತ್ತು ಹರಿಯಿತು.

1995ರಲ್ಲಿ ಕ್ಯಾಲಿಫೋರ್ನಿಯದ ಅಲನ್ ಹೀಗರರ ತಂಡ ಇಂತಹ ಎರಡು ದ್ರವ್ಯಗಳನ್ನು, ದೋಸೆಯ ಹಿಟ್ಟಿನಲ್ಲಿ ಅಕ್ಕಿ ಉದ್ದು ಬೆರೆತಂತೆ, ಒಂದರೊಳಗೊಂದು ಬೆರೆಸಿ ಎಲ್ಲೆಲ್ಲೂ ಗಡಿಯೇ ಇರುವಂತೆ ಮಾಡಿತು. ಪ್ರಯೋಗಶಾಲೆಗಳಲ್ಲಿ ಇಂದು ಇಂತಹ ಫಲಕಗಳ ಇಳುವರಿ ನೂರಕ್ಕೆ 18ನ್ನು ಮೀರಿದೆ. ಮಸಿಯಂತೆ ಅಚ್ಚೊತ್ತಬಹುದು, ಬಟ್ಟೆಯಂತೆ ಸುತ್ತಿಡಬಹುದು.

ಬಾಳಿಕೆಯದೇ ತೊಡಕು. ಗಾಳಿಯ ಆಮ್ಲಜನಕ, ತೇವ, ಕಡೆಗೆ ಉಣಿಸಾದ ಬಿಸಿಲೇ ಈ ಅಣುಗಳನ್ನು ಕೆಡಿಸುತ್ತದೆ. ಸಿಲಿಕಾನ್ ಫಲಕಕ್ಕೆ ತಯಾರಕರು 25 ವರ್ಷದ ಭರವಸೆ ಕೊಡುವುದುಂಟು. ಆದುದರಿಂದ, ಹೋಟೆಲಿನ ಮಾಳಿಗೆಗೆ ಯಾವುದನ್ನು ಹಾಕಿಸಲೆಂದು ಕೇಳುವ ಮಿತ್ರರಿಗೆ ನಾವು ಸದ್ಯ ಸಿಲಿಕಾನನ್ನೇ ಹೇಳುತ್ತಿದ್ದೇವೆ.