ಕೆಳಗಿಳಿಸಲು ಬಂದ ಚೈನು ಮೇಲೇರಿಸಿತು

ಶಿರಾದಂಥ ತಾಲ್ಲೂಕು ಕೇಂದ್ರದಲ್ಲಿ ಒಂದು ಸೈಕಲ್ ಶಾಪು, ಅದರ ಮಗ್ಗುಲಲ್ಲೊಂದು ವೆಲ್ಡಿಂಗ್ ಅಂಗಡಿ ಇದ್ದರೆ ಸಾಕು, ಸರ್ಕಸ್ಸಿನಲ್ಲಿ ಕಾಣುವ ಆಳೆತ್ತರದ ಒಂಟಿಗಾಲಿ ಸೈಕಲ್ಲಿಗೆ ಬೇಕಾದ ಸಾಮಾನು ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ: ಒಂದು ಗಾಲಿ, ಎರಡು ಪೆಡಲ್ಲು, ಒಂದು ಸೀಟು, ಉದ್ದನೆಯ ಕಬ್ಬಿಣದ ಪೈಪು, ಒಂದಕ್ಕೊಂದು ಸೇರಿಸಿದ ಎರಡು ಚೈನು. ನೋಡುವವರ ಕಣ್ಣು ಮಾತ್ರ ಮೇಲೆ ಕೂತ ಸವಾರನನ್ನು ಬಿಟ್ಟು ಅಲ್ಲಾಡುವುದಿಲ್ಲ. ಇಷ್ಟೆತ್ತರಕ್ಕೆ ಅವನನ್ನು ಹತ್ತಿಸಿದ್ದು ಎದೆಗಾರಿಕೆ ಎಂದು ನಂಬಿ ಚಪ್ಪಾಳೆ ಹೊಡೆಯುತ್ತೇವೆ. ಈ ಯಂತ್ರದ ಹುಟ್ಟನ್ನು ಕೆದಕಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅವನನ್ನು ಮೇಲೇರಿಸಿದ್ದು ಚೈನು. ಅದೂ, ಸೈಕಲ್ ಸವಾರನನ್ನು ನೆಲಕ್ಕೆ ಹತ್ತಿರ ತರಲೆಂದು ಬಳಕೆಗೆ ಬಂದ ಚೈನು.

1870ರ ದಶಕದ ಇಂಗ್ಲೆಂಡಿನ ಸೈಕಲ್ಲಿಗೆ ಸಾಮಾನ್ಯವಾಗಿ ಚೈನಿರಲಿಲ್ಲ. ಪೆಡಲ್ಲು ಮುಂದಿನ ಗಾಲಿಯ ಅಚ್ಚಿಗೇ ಕೂತಿತ್ತು. ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. ವೇಗ ಬೇಕೆಂದರೆ ಗಾಲಿಯೇ ದೊಡ್ಡದಾಗಬೇಕು. ಹಾಗೆ ಬೆಳೆದು ಬೆಳೆದು ಮುಂಗಾಲಿ 50ರಿಂದ 60 ಇಂಚಿನವರೆಗೆ ಹೋಯಿತು. ಅದಕ್ಕೆ ಮಿತಿ ಹಾಕಿದ್ದು ಸವಾರನ ಕಾಲಿನ ಉದ್ದವೊಂದೇ. ಕಲ್ಲಿಗೆ ಗಾಲಿ ತಗುಲಿದರೆ ಮನುಷ್ಯ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದ ಸ್ವಿಸ್ ಎಂಜಿನಿಯರ್ ಹಾನ್ಸ್ ರೆನಾಲ್ಡ್ ಬುಷ್ ಮತ್ತು ರೋಲರ್ ಇರುವ ಚೈನಿಗೆ ಪೇಟೆಂಟ್ ಪಡೆದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಹಿಂದಿನ ಗಾಲಿಗೆ ಚೈನು ಹಾಕಿಕೊಂಡು ಬಂತು. ಪೆಡಲ್ ಕಡೆ ದೊಡ್ಡ ಹಲ್ಲುಚಕ್ರ, ಗಾಲಿಯ ಕಡೆ ಚಿಕ್ಕದು. ಅಲ್ಲಿಗೆ ಸಣ್ಣ ಗಾಲಿಯಲ್ಲೇ ವೇಗ ಸಿಕ್ಕಿತು, ಸವಾರನ ಕಾಲು ನೆಲಕ್ಕೆ ಎಟುಕಿತು, ಕೆಲವೇ ವರ್ಷಗಳಲ್ಲಿ ದೊಡ್ಡ ಗಾಲಿಯ ಕಾಲ ಮುಗಿಯಿತು. ಆದರೆ ಪೆಡಲ್ಲು ಒಮ್ಮೆ ಅಚ್ಚಿನಿಂದ ಬಿಡುಗಡೆಯಾಯಿತೆಂದರೆ ಅದು ಎಲ್ಲಿ ಬೇಕಾದರೂ ಕೂರಬಹುದು. ಒಂಟಿಗಾಲಿಯವರು ಅದನ್ನು ನೆಟ್ಟಗೆ ಮೇಲಕ್ಕೊಯ್ದರು. ಚೈನಿಲ್ಲದೆ ಎತ್ತರ ಸಾಧ್ಯವೇ ಇಲ್ಲವೆಂದಲ್ಲ. ಗಾಲಿಯ ಮೇಲೆ ಗಾಲಿ ಕೂರಿಸಿ, ಟೈರಿಗೆ ಟೈರು ಉಜ್ಜಿಕೊಂಡು ಓಡುವಂತೆ ಮಾಡಿದ್ದೂ ಉಂಟು. ಅದರಲ್ಲಿ ಪ್ರತಿ ಗಾಲಿಗೂ ತಿರುಗುವ ದಿಕ್ಕು ಮಗುಚಿಕೊಳ್ಳುತ್ತದೆ. ಎರಡೇ ಗಾಲಿ ಇದ್ದರೆ ಮುಂದೆ ಹೋಗಲು ಹಿಂದಕ್ಕೆ ತುಳಿಯಬೇಕು; ಟೈರು ಒದ್ದೆಯಾದರೆ ಜಾರುತ್ತದೆ. ಚೈನಿಗೆ ಈ ತಾಪತ್ರಯವಿಲ್ಲ.

ಎತ್ತರದ ಕಸರತ್ತು ನಮಗೇನು ಹೊಸದೇ ಎಂದು ಕೇಳಬಹುದು. ಜಾತ್ರೆಗಳಲ್ಲಿ ದೊಂಬರು ಗಳುವಿನ ತುದಿಗೇರಿ ಆಡಿದ್ದಾರೆ, ಹಗ್ಗದ ಮೇಲೆ ನಡೆದಿದ್ದಾರೆ, ಮರಗಾಲು ಕಟ್ಟಿಕೊಂಡು ಕುಣಿದವರೂ ಇದ್ದಾರೆ. ಮಾತು ನಿಜ, ಎತ್ತರದಲ್ಲಿ ಮೈ ಹಿಡಿದಿಡುವ ವಿದ್ಯೆ ಈ ನೆಲದಲ್ಲೇ ಇತ್ತು. ಆದರೆ ದೊಂಬರ ಗಳು ನೆಟ್ಟಿರುತ್ತದೆ, ಇಲ್ಲವೇ ಕೆಳಗೊಬ್ಬ ಹಿಡಿದಿರುತ್ತಾನೆ. ಒಂಟಿಗಾಲಿಯವನಿಗೆ ತನ್ನ ಬುಡವನ್ನು ತಾನೇ, ಅದೂ ಮೇಲೆ ಕೂತೇ, ಸರಿಸಿಕೊಳ್ಳುವ ಕೆಲಸ. ಮುಂದಕ್ಕೆ ವಾಲಿದರೆ ಮುಂದಕ್ಕೆ ತುಳಿದು ಗಾಲಿಯನ್ನು ಮೈಕೆಳಗೆ ತರಬೇಕು, ಹಿಂದಕ್ಕೆ ವಾಲಿದರೆ ಹಿಂದಕ್ಕೆ. ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಸೈಕಲ್ ಸರ್ಕಸ್ಸೂ ಇದಲ್ಲ. ಅಲ್ಲಿ ಒಬ್ಬ ದಿನಗಟ್ಟಲೆ ಕೆಳಗಿಳಿಯದೆ ಬಯಲಲ್ಲಿ ಸುತ್ತು ಹೊಡೆಯುತ್ತಿದ್ದ, ಊಟ ಸ್ನಾನವೆಲ್ಲ ಸೈಕಲ್ ಮೇಲೇ. ಅದು ಮೈಯ ತಾಳಿಕೆಯ ಪರೀಕ್ಷೆ, ಯಂತ್ರ ಮಾಮೂಲಿ ಎರಡು ಗಾಲಿಯದೇ. ಎತ್ತರದ ಒಂಟಿಗಾಲಿಯನ್ನು ನಮ್ಮ ಜನರ ಕಣ್ಣಿಗೆ ಹೆಚ್ಚಾಗಿ ಬೀಳಿಸಿದ್ದು ಡೇರೆ ಸರ್ಕಸ್. ಆ ಪರಂಪರೆ 1880ರಲ್ಲಿ ವಿಷ್ಣುಪಂತ ಛತ್ರೆಯವರ ಗ್ರೇಟ್ ಇಂಡಿಯನ್ ಸರ್ಕಸ್ಸಿನಿಂದ ಮೊದಲಾಗಿ, ಕಾಸರಗೋಡಿನಿಂದ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಅವರ ಗರಡಿಯಲ್ಲಿ ಬಲಿಯಿತು. 1998ರ ಕೇಂದ್ರದ ಅಧಿಸೂಚನೆ ಹುಲಿ, ಸಿಂಹ, ಕರಡಿಗಳ ಪ್ರದರ್ಶನ ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದಿತು. ಎರಡೂ ಆಗಬೇಕಾದದ್ದೇ. ಆಮೇಲೆ ಡೇರೆಯೊಳಗೆ ಉಳಿದದ್ದು ದೊಡ್ಡವರ ಕಸರತ್ತು, ಅದರಲ್ಲಿ ಸೈಕಲ್ಲಿಗೆ ದೊಡ್ಡ ಪಾಲು.

ಎತ್ತರ ಹೆಚ್ಚಿದಷ್ಟೂ ಸಮತೋಲ ಕಷ್ಟ ಎಂಬ ನಂಬಿಕೆ ತಿರುಗುಮುರುಗಾದದ್ದು. ಅಂಗೈ ಮೇಲೆ ಉದ್ದ ಕೋಲನ್ನು ನಿಲ್ಲಿಸಬಹುದು, ಬೆಂಕಿಕಡ್ಡಿಯನ್ನು ಆಗುವುದಿಲ್ಲ. ಉದ್ದದ್ದು ನಿಧಾನವಾಗಿ ವಾಲುತ್ತದೆ. ಎತ್ತರ ನಾಲ್ಕು ಪಟ್ಟಾದರೆ ಬೀಳಲು ಹಿಡಿಯುವ ಹೊತ್ತು ಎರಡು ಪಟ್ಟಾಗುತ್ತದೆ. ಮೇಲೆ ಕೂತವನಿಗೆ ತಪ್ಪು ತಿದ್ದಿಕೊಳ್ಳಲು ಬಿಡುವು ಹೆಚ್ಚು. ಸ್ಟೀವ್ ಮೆಕ್‌ಪೀಕ್ 1968ರಲ್ಲಿ 13 ಅಡಿ ಎತ್ತರದ ಒಂಟಿಗಾಲಿಯಲ್ಲಿ ಶಿಕಾಗೋದಿಂದ ಲಾಸ್ ವೇಗಸ್‌ವರೆಗೆ ಹೋದದ್ದು ಈ ಬಿಡುವನ್ನು ನಂಬಿಯೇ. ಹಾಗೆಂದು ಎತ್ತರಕ್ಕೆ ಬೆಲೆಯೇ ಇಲ್ಲವೆನ್ನಲಾಗದು. ಹತ್ತುವುದು ಕಷ್ಟ, ಬಿದ್ದರೆ ಪೆಟ್ಟು ಜೋರು. 2004ರಲ್ಲಿ ಅಮೆರಿಕದ ಪಾಂಟಿಯಾಕ್‌ನಲ್ಲಿ ಸೆಮ್ ಅಬ್ರಹಾಮ್ಸ್ 35 ಮೀಟರ್ ಎತ್ತರದ ಒಂಟಿಗಾಲಿಯ ಮೇಲೆ ಸಾಗಿದ್ದು ಎಂಟೂವರೆ ಮೀಟರ್ ದೂರ, ಅದೂ ಸುರಕ್ಷಾ ತಂತಿ ಕಟ್ಟಿಕೊಂಡು. ಅಂಥದ್ದನ್ನು ಸವಾರಿ ಎನ್ನುವುದಕ್ಕಿಂತ ದಾಖಲೆ ಎನ್ನುವುದೇ ಸರಿ. ಆರಡಿಯ ಯಂತ್ರದಲ್ಲಿ ನಿಜವಾದ ಅಪಾಯ ಇರುವುದು ಬೇರೆಡೆ: ಚೈನು ಕಳಚಿದ ಗಳಿಗೆಯಲ್ಲಿ ಪೆಡಲ್ಲಿಗೂ ಗಾಲಿಗೂ ಸಂಬಂಧವೇ ಹರಿದುಹೋಗುತ್ತದೆ. ಬ್ರೇಕೂ ಆ ಚೈನೇ, ಸಮತೋಲವೂ ಆ ಚೈನೇ.

ಆದ್ದರಿಂದ ಸವಾರನಷ್ಟೇ ಪಾಲು ರಿಪೇರಿಯವನಿಗೂ ಸಲ್ಲಬೇಕು. ಮಾಮೂಲಿ ಸೈಕಲ್ಲಿನಲ್ಲಿ ಬಿಗಿಯುವುದು ಚೈನಿನ ಮೇಲಿನ ಎಳೆ ಮಾತ್ರ, ಕೆಳಗಿನದು ಸುಮ್ಮನೆ ಜೋತು ಬಿದ್ದಿರುತ್ತದೆ. ಎತ್ತರದ ಒಂಟಿಗಾಲಿಯಲ್ಲಿ ಮುಂದಕ್ಕೆ ತುಳಿದಾಗ ಒಂದು ಎಳೆ, ಹಿಂದಕ್ಕೆ ಒತ್ತಿದಾಗ ಇನ್ನೊಂದು ಬಿಗಿಯುತ್ತದೆ. ನಿಂತಲ್ಲೇ ಓಲಾಡುವ ಸವಾರ ಕ್ಷಣಕ್ಷಣಕ್ಕೂ ಎರಡನ್ನೂ ಜಗ್ಗುತ್ತಿರುತ್ತಾನೆ. ಚೈನು ಸ್ವಲ್ಪ ಸಡಿಲವಿದ್ದರೂ ದಿಕ್ಕು ಬದಲಿಸುವಾಗ ಕಾಲಿಗೆ ಖಾಲಿ ಸಿಕ್ಕಿ ಮೈ ಕುಲುಕುತ್ತದೆ. ಫ್ರೀವೀಲಂತೂ ಕೂಡದು, ಹಿಂದಕ್ಕೆ ತುಳಿದರೆ ಅದು ಕಟಕಟ ಎಂದು ಬರಿದೇ ತಿರುಗುತ್ತದೆ. ಬಲಗಡೆಯ ಪೆಡಲ್ಲಿನ ತಿರುಪಿಗೆ ಮಾಮೂಲಿ ಮರೆ, ಎಡಗಡೆಯದಕ್ಕೆ ಎಡಮರೆ. ಸೀಟನ್ನು ಹಿಂದುಮುಂದಾಗಿ ಕೂರಿಸಿದರೆ ಎಡಬಲ ಅದಲುಬದಲಾಗಿ, ತುಳಿಯುತ್ತ ತುಳಿಯುತ್ತ ಪೆಡಲ್ಲು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಶಿರಾ, ಪಾವಗಡದ ಒಣ ಬಯಲಿನಲ್ಲಿ ಇನ್ನೊಂದು ಶತ್ರು ದೂಳು. ಚೈನಿನ ಹೊರಮೈಗೆ ಗ್ರೀಸು ಮೆತ್ತಿದರೆ ಕೆಂಪು ದೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು ಹೊರಗಿನದನ್ನು ಒರೆಸಿಬಿಡುವುದೇ ಸರಿ. ಚೈನು ಉದ್ದವಾಗುವುದು ಉಕ್ಕು ಹಿಗ್ಗಿ ಅಲ್ಲ, ಒಳಗಿನ ಪಿನ್ನು ಬುಷ್ಷುಗಳು ಸವೆದು. ಹೊಸ ಚೈನಿನ ಕೊಂಡಿ ಅರ್ಧ ಇಂಚಿನದು, 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಕೇಲು ಹಿಡಿದಾಗ ಅದು ಇಂಚಿನ ಎಂಟನೇ ಒಂದು ಪಾಲು ಹೆಚ್ಚು ತೋರಿಸಿದರೆ ಆ ಚೈನು ಮುಗಿಯಿತು, ಜೊತೆಗೆ ಹಲ್ಲುಚಕ್ರವನ್ನೂ ನೋಡಬೇಕು.

ಇಷ್ಟೆಲ್ಲ ಮಾಡಿ ಇದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ಕೊನೆಗೂ ಬರುತ್ತದೆ. ಸಂತೆಗೆ ಕಡಲೆಕಾಯಿ ಮೂಟೆ ಸಾಗಿಸಲು ಇದು ಬಾರದು, ನಿಜ. ಆದರೆ ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಚೈನಿಲ್ಲದ ಗಿಡ್ಡ ಒಂಟಿಗಾಲಿಯನ್ನು ಆಟದ ಹೊತ್ತಿನಲ್ಲೇ ಕಲಿಯುತ್ತಾರೆ, ಅಲ್ಲಿ ಅದು ಪವಾಡವಲ್ಲ. ನಮ್ಮಲ್ಲಿ ಗಿಡ್ಡದ್ದಕ್ಕೆ ಒಂದು ಹಳೇ ಗಾಲಿ, ಫೋರ್ಕು, ಅಚ್ಚಿಗೆ ಬೆಸೆದ ಕ್ರ್ಯಾಂಕು ಸಾಕು. ಅದು ಮೈಗೆ ಒಗ್ಗಿದ ಮೇಲೆ ಎತ್ತರಕ್ಕೆ ಬೇಕಾಗುವುದು ಪೈಪು ಮತ್ತು ಚೈನು, ಸಿಗದಿರುವುದು ಫ್ರೀವೀಲಿಲ್ಲದ ಹಲ್ಲುಚಕ್ರ ಮಾತ್ರ. ಅದಕ್ಕೆ ಹಳೇ ಫ್ರೀವೀಲನ್ನೇ ವೆಲ್ಡಿಂಗ್ ಅಂಗಡಿಗೆ ಕೊಟ್ಟು ಜಾಮ್ ಮಾಡಿಸಬೇಕಾಗುತ್ತದೆ.